ಪಾಟಿ ಸವಾಲನ್ನು ತರಗತಿಯಲ್ಲಿ ಕಲಿಸಬಹುದೇ?

ಪ್ರಶ್ನೆ: ಜಿಲ್ಲಾ ಕೇಂದ್ರವೊಂದರ ಕಾನೂನು ಕಾಲೇಜಿನಲ್ಲಿ ಸಾಕ್ಷ್ಯ ಕಾನೂನು ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ಮಾಕ್ ಟ್ರಯಲ್ (ಅಣಕು ವಿಚಾರಣೆ) ನಡೆಸುತ್ತೇವೆ. 60 ಮಕ್ಕಳಲ್ಲಿ ಏಳೆಂಟು ಮಂದಿ ಕೋಟು ಹಾಕಿಕೊಂಡು ಬಾಯಿಪಾಠ ಒಪ್ಪಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಪಾಸಾಗಿ ಕೋರ್ಟಿಗೆ ಹೋದ ಹಳೆಯ ವಿದ್ಯಾರ್ಥಿಗಳು ಸಿಕ್ಕಾಗ "ಸಾಕ್ಷಿ ಎದುರು ನಿಂತರೆ ಏನು ಕೇಳಬೇಕೋ ತೋಚಲ್ಲ ಮೇಡಂ" ಅನ್ನುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ದುಡ್ಡಿಲ್ಲ, ವಾರಕ್ಕೆ ಎರಡು ಗಂಟೆ ಸಿಗಬಹುದು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಮೊದಲು ಆ ಸಭಾಂಗಣ ಬಿಡಿ. ವಾರ್ಷಿಕೋತ್ಸವದ ನಾಟಕಕ್ಕೂ ಅಲ್ಲಿ ನಡೆಯುವುದಕ್ಕೂ ವ್ಯತ್ಯಾಸ ಕಡಿಮೆ. ಪ್ರಶ್ನೆಯನ್ನೂ ಉತ್ತರವನ್ನೂ ಮೊದಲೇ ಬರೆದಿಟ್ಟ ಮೇಲೆ ಅದರಲ್ಲಿ ವಿಚಾರಣೆ ಎಲ್ಲಿ ಉಳಿಯಿತು? ಸಾಕ್ಷಿ ಏನು ಹೇಳುತ್ತಾನೆ ಅನ್ನುವುದು ವಕೀಲನಿಗೆ ಗೊತ್ತಿರದ ಆ ಕ್ಷಣವೇ ಕಲಿಯಬೇಕಾದದ್ದು, ಅದನ್ನೇ ನಾವು ತೆಗೆದುಹಾಕಿರುತ್ತೇವೆ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ವಕೀಲಿಗೆ ಬಂದ ಎರಡನೆಯ ವರ್ಷ. ಜಮೀನಿನ ಕೇಸು, ನಿರ್ಬಂಧಕಾಜ್ಞೆ ಕೇಳಿದ ದಾವೆ. ನಾವು ಪ್ರತಿವಾದಿ ಪರ. ಅಂಥ ದಾವೆಯಲ್ಲಿ ದಾವೆ ಹೂಡಿದ ದಿನ ಜಮೀನು ಯಾರ ಸ್ವಾಧೀನದಲ್ಲಿತ್ತು ಅನ್ನುವುದೇ ಜೀವಾಳ. ಕಟಕಟೆಯಲ್ಲಿದ್ದದ್ದು ಎಪ್ಪತ್ತು ದಾಟಿದ ವಾದಿ. ಪಾಟಿ ಸವಾಲಿಗೆ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಲು, ನಾನು ಮೂರು ಹಾಳೆ ತುಂಬ ಪ್ರಶ್ನೆ ಬರೆದುಕೊಂಡಿದ್ದೆ. ಪಹಣಿ ಬಗ್ಗೆ ಏನೋ ಕೇಳಿದಾಗ ಅಜ್ಜ ಮಾತಿನ ನಡುವೆ, "ನಾ ಹೊಲ ಬಿಟ್ಟು ಮಗನ ಹತ್ರ ಹೋದ ಮೇಲೆ ಇದೆಲ್ಲಾ ಆಗಿದ್ದು" ಅಂದ. ನನ್ನ ಕಣ್ಣು ಮುಂದಿನ ಪ್ರಶ್ನೆಯ ಮೇಲಿತ್ತು. ನ್ಯಾಯಾಧೀಶರು ಒಂದು ಗಳಿಗೆ ನನ್ನನ್ನೇ ನೋಡಿದರು. ನಾನು ಏನೂ ಹೇಳದಿದ್ದಾಗ ಪಹಣಿಯ ಮಾತನ್ನಷ್ಟೇ ಬರೆಸಿ ಮುಂದೆ ಹೋದರು. ಗೆಲ್ಲಬಹುದಾದ ಒಂದು ವಾಕ್ಯ ಹೀಗೆ ಗಾಳಿಗೆ ಹೋಯಿತು. ಆಮೇಲೆ ಕ್ಯಾಂಟೀನಿನಲ್ಲಿ ಹಿರಿಯ ವಕೀಲರು ಬೈಯಲಿಲ್ಲ. "ಕೇಳಿದ್ದೇನೋ ಚೆನ್ನಾಗೇ ಕೇಳಿದೆ, ಕೇಳಿಸಿಕೊಳ್ಳಲಿಲ್ಲ" ಅಂದರು ಅಷ್ಟೇ.

ನಮ್ಮ ಭಾಷೆಯಲ್ಲಿ ಎರಡಕ್ಕೂ 'ಕೇಳು' ಅನ್ನುವ ಒಂದೇ ಧಾತು. ಕಾಲೇಜುಗಳು ಅದರ ಒಂದು ಅರ್ಥವನ್ನು ಮಾತ್ರ ಕಲಿಸುತ್ತಿವೆ. ಮೂಟ್ ಕೋರ್ಟಿನಲ್ಲಂತೂ ಎರಡೂ ಇಲ್ಲ. ಅಲ್ಲಿ ಸಂಗತಿಗಳೆಲ್ಲ ಒಪ್ಪಿತವಾದವು, ಬರೀ ಕಾನೂನಿನ ವಾದ. ಅದು ಮೇಲ್ಮನವಿಯ ತಾಲೀಮು, ಒಳ್ಳೆಯದೇ. ಆದರೆ ಹೊಸ ವಕೀಲನಿಗೆ ಮೊದಲ ಹತ್ತು ವರ್ಷ ಸಿಗುವುದು ಜೆ.ಎಂ.ಎಫ್.ಸಿ. (ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿ) ಕೋರ್ಟಿನ ಸಾಕ್ಷಿ, ಸುಪ್ರೀಂ ಕೋರ್ಟಿನ ಪೀಠವಲ್ಲ.

ಸಮಯ ಎಲ್ಲಿಂದ ತರುವುದು ಅನ್ನುವಿರಾ? ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲೇ ಜಾಗವಿದೆ. ಮೂಟ್ ಕೋರ್ಟ್ ಮತ್ತು ಇಂಟರ್ನ್‌ಶಿಪ್ ಪತ್ರಿಕೆಯ 100 ಅಂಕಗಳಲ್ಲಿ 30 ಮೂಟ್‌ಗೆ, 30 ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ವಿಚಾರಣೆಯನ್ನು ನೋಡಿ ಬರೆಯುವುದಕ್ಕೆ, 30 ಕಕ್ಷಿದಾರರ ಸಂದರ್ಶನ ಮತ್ತು ವಿಚಾರಣಾಪೂರ್ವ ತಯಾರಿಗೆ, 10 ವೈವಾಗೆ. ಎರಡನೆಯ 30 ಅಂಕಗಳ ಗತಿ ನಿಮಗೂ ಗೊತ್ತು, ನನಗೂ ಗೊತ್ತು: ಹಿಂದಿನ ವರ್ಷದವರ ಡೈರಿಯನ್ನು ನಕಲು ಮಾಡಿ, ಕೇಸ್ ನಂಬರ್ ಬದಲಿಸಿ, ಸಹಿ ಹಾಕಿಸುವುದು. ನಿಮ್ಮ ಕೆಲಸ ಅಲ್ಲಿಂದಲೇ ಶುರುವಾಗಲಿ.

ಮಕ್ಕಳಿಗೆ 'ಇಡೀ ಕೇಸು ನೋಡಿ ಬನ್ನಿ' ಅನ್ನಬೇಡಿ. ಒಂದು ಕೇಸು ಮುಗಿಯಲು ವರ್ಷಗಳು ಬೇಕು. ಒಬ್ಬ ಸಾಕ್ಷಿ ಸಾಕು. ನ್ಯಾಯಾಲಯ ಸಾರ್ವಜನಿಕರಿಗೆ ತೆರೆದ ಜಾಗ, ಆದರೂ ಪೀಠಾಧಿಕಾರಿಗೆ ಮೊದಲೇ ಒಂದು ಮಾತು ತಿಳಿಸಿ, ಎಂಟು ಹತ್ತು ಮಂದಿಯಂತೆ ಕಳಿಸಿ. ಬೆಳಿಗ್ಗೆ ಕೇಸು ಕೂಗುವ ಗದ್ದಲ ಇಳಿದ ಮೇಲೆ ಹೋಗಲಿ. ಕೈಯಲ್ಲಿ ಮೂರು ಕಾಲಂ ಎಳೆದ ಹಾಳೆ ಇರಲಿ: ವಕೀಲರು ಕೇಳಿದ್ದು, ಸಾಕ್ಷಿ ಹೇಳಿದ್ದು, ನ್ಯಾಯಾಧೀಶರು ಬರೆಸಿದ್ದು. ಎಲ್ಲವನ್ನೂ ಬರೆಯಲಾಗದು, ಹತ್ತು ಸಾಲು ಬರೆದರೂ ಆಯಿತು. ಮೂರನೆಯ ಕಾಲಂ ನೋಡಿ ಮಕ್ಕಳು ಬೆರಗಾಗುತ್ತಾರೆ. ನಮ್ಮಲ್ಲಿ ಸಾಕ್ಷ್ಯ ಸಾಮಾನ್ಯವಾಗಿ ಪ್ರಶ್ನೋತ್ತರದ ರೂಪದಲ್ಲಿ ದಾಖಲಾಗುವುದಿಲ್ಲ, ಕಥನದ ರೂಪದಲ್ಲಿ ದಾಖಲಾಗುತ್ತದೆ. ವಕೀಲರು ಐದು ನಿಮಿಷ ಅಬ್ಬರಿಸಿದ್ದು "ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ" ಅನ್ನುವ ಒಂದೇ ಸಾಲಾಗಿ ಕಡತ ಸೇರುತ್ತದೆ. ಅಬ್ಬರಕ್ಕೆ ಬೆಲೆಯಿಲ್ಲ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟರೂ ಕಲಿಸಲಾರರು.

ಇನ್ನು ಕೇಸಿನ ಕಡತ. ಅಂತರ್ಜಾಲದಲ್ಲಿ ಅಮೆರಿಕದ ಕಾಲೇಜುಗಳ ಮಾಕ್ ಟ್ರಯಲ್ ಕಡತಗಳು ಧಾರಾಳವಾಗಿ ಸಿಗುತ್ತವೆ. ಅವನ್ನು ಕನ್ನಡಕ್ಕೆ ಇಳಿಸುವ ಆಸೆ ಬೇಡ. ಅವು ಜ್ಯೂರಿಯ ಮನ ಒಲಿಸಲು ಕಟ್ಟಿದವು. ಅಲ್ಲಿಯ ಆರಂಭದ ಭಾಷಣ, ಮಾತುಮಾತಿಗೆ 'ಅಬ್ಜೆಕ್ಷನ್' ಎಂಬ ಕೂಗು ನಮ್ಮ ಕೋರ್ಟಿಗೆ ಹೊಂದುವುದಿಲ್ಲ. ಆದರೆ ಆ ದೇಶದಿಂದ ಪಡೆಯಬೇಕಾದ ಒಂದು ವಿಷಯವಿದೆ. 1971ರಲ್ಲಿ ಅಲ್ಲಿ ಶುರುವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಫಾರ್ ಟ್ರಯಲ್ ಅಡ್ವೊಕೆಸಿ ಬಳಕೆಗೆ ತಂದ ಕ್ರಮ: ಕಲಿಯುವವನು ಎದ್ದು ನಿಂತು ಸಣ್ಣದೊಂದು ತುಣುಕು ಮಾಡಿ ತೋರಿಸಬೇಕು, ಆಗಲೇ ತಿದ್ದಿಸಿಕೊಳ್ಳಬೇಕು. ನಮ್ಮ ಸಂಗೀತದ ಮೇಷ್ಟರು ಒಂದೇ ಸಂಗತಿಯನ್ನು ಹತ್ತು ಸಲ ಹೇಳಿಸುವುದಿಲ್ಲವೇ, ಹಾಗೆ.

ಕಡತಕ್ಕೆ ನನ್ನ ಸಲಹೆ ಚೆಕ್ ಬೌನ್ಸ್ ಕೇಸು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಹೊಸ ವಕೀಲರ ಕೈಗೆ ಮೊದಲು ಬರುವುದು ಅದೇ, ದಾಖಲೆ ನಾಲ್ಕೈದೇ, ಸಾಕ್ಷಿ ಇಬ್ಬರು ಮೂವರೇ. ನಾನು ಬಳಸುವ ಕಲ್ಪಿತ ಕಡತ ಹೀಗಿದೆ: ಕಿರಾಣಿ ಅಂಗಡಿಯವನೊಬ್ಬ ಮೆಣಸಿನಕಾಯಿ ವ್ಯಾಪಾರಿಗೆ 4,50,000 ರೂಪಾಯಿ ಕೈಗಡ ಕೊಟ್ಟೆ ಅನ್ನುತ್ತಾನೆ. ವ್ಯಾಪಾರಿ, "ಚೀಟಿ ವ್ಯವಹಾರಕ್ಕೆ ಭದ್ರತೆ ಅಂತ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕು ಅದು" ಅನ್ನುತ್ತಾನೆ. ಒಳಗೆ ಚೆಕ್ಕು, ಬ್ಯಾಂಕಿನ ಮೆಮೊ, ನೋಟಿಸು, ಅಂಚೆ ಸ್ವೀಕೃತಿ, ಅಂಗಡಿಯ ಲೆಕ್ಕದ ಪುಸ್ತಕದ ಎರಡು ಪುಟ, ಚೀಟಿ ಪುಸ್ತಕ. ಮೊಬೈಲ್ ಸಂದೇಶಗಳ ಒಂದು ಪ್ರಿಂಟ್‌ಔಟ್ ಕೂಡ ಇದೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಮಾತ್ರ ಬೇಕೆಂದೇ ಇಟ್ಟಿಲ್ಲ. ಅದನ್ನು ಕೋರ್ಟಿನ ದಾಖಲೆಯಾಗಿ ಗುರುತು ಮಾಡಿಸಲು ಎದ್ದವನು ಎಡವಲಿ, ಎದುರಿನವನು ಎಚ್ಚರವಾಗಿದ್ದಾನೋ ನೋಡೋಣ ಅಂತ.

ಒಂದು ಎಚ್ಚರಿಕೆ. ದಿನಾಂಕಗಳನ್ನು ಪಕ್ಕಾ ಇಡಿ: ಮೆಮೊ ಬಂದ 30 ದಿನದೊಳಗೆ ನೋಟಿಸು, ನೋಟಿಸು ತಲುಪಿ 15 ದಿನ ಗಡುವು, ಅದು ಮುಗಿದ ಒಂದು ತಿಂಗಳೊಳಗೆ ದೂರು. ಇಲ್ಲಿ ಬಿರುಕು ಬಿಟ್ಟರೆ ಮಕ್ಕಳು ಸಾಕ್ಷಿಯನ್ನು ಬಿಟ್ಟು ಕಾಲಮಿತಿಯ ವಾದಕ್ಕೆ ಓಡುತ್ತಾರೆ, ತರಗತಿ ಮತ್ತೆ ಮೂಟ್ ಕೋರ್ಟ್ ಆಗುತ್ತದೆ. ಕಾನೂನು ನಿಚ್ಚಳವಾಗಿರಲಿ, ಜಗಳ ಸಂಗತಿಯದಾಗಿರಲಿ. ಸುಪ್ರೀಂ ಕೋರ್ಟಿನ ಎರಡು ತೀರ್ಪು ಓದಿಸಿದರೆ ಸಾಕು, ಎರಡೂ ಕರ್ನಾಟಕದಿಂದ ಹೋದವೇ. ಸಾಲ ಇತ್ತು ಅನ್ನುವುದೇ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಂನ ಪೂರ್ವಭಾವನೆಯಲ್ಲಿ (ಬೇರೆ ತೋರಿಸುವ ತನಕ ಕೋರ್ಟು ನಿಜವೆಂದು ಹಿಡಿಯುವುದರಲ್ಲಿ) ಸೇರಿದೆ ಎಂದ 2010ರ ರಂಗಪ್ಪ ವಿರುದ್ಧ ಮೋಹನ್, ಮತ್ತು ದೂರುದಾರನಿಗೆ ಅಷ್ಟು ಹಣ ಕೊಡುವ ಶಕ್ತಿ ಇತ್ತೇ ಎಂಬ ಪ್ರಶ್ನೆಯ ಮೇಲೆ, ಹೈಕೋರ್ಟು ರದ್ದು ಮಾಡಿದ್ದ ಆರೋಪಿಯ ಬಿಡುಗಡೆಯನ್ನು ಮತ್ತೆ ಊರ್ಜಿತಗೊಳಿಸಿದ 2019ರ ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ. ಆರೋಪಿ ಪೂರ್ವಭಾವನೆಯನ್ನು ಬೀಳಿಸಲು ಸಂಶಯಾತೀತವಾಗಿ ಏನನ್ನೂ ಸಾಬೀತು ಮಾಡಬೇಕಿಲ್ಲ, ತನ್ನ ಮಾತು ಹೆಚ್ಚು ಸಂಭವನೀಯ ಎಂದು ತೋರಿದರಾಯಿತು. ಅದನ್ನು ದೂರುದಾರನ ಬಾಯಿಂದಲೇ ತೋರಿಸಬಹುದು. ಅಂದರೆ ಪಾಟಿ ಸವಾಲಿನಲ್ಲೇ ಕೇಸು ನಿಲ್ಲುವುದು, ಬೀಳುವುದು.

ಸಾಕ್ಷಿ ಯಾರಾಗಬೇಕು ಅನ್ನುವುದರಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. ಕಾನೂನು ವಿದ್ಯಾರ್ಥಿ ಸಾಕ್ಷಿಯಾದರೆ ತನ್ನ ಪಕ್ಷ ಗೆಲ್ಲಲೆಂದು ವಕೀಲನಂತೆ ಉತ್ತರ ಕೊಡುತ್ತಾನೆ. ಹೊರಗಿನವರನ್ನು ಕರೆಯಿರಿ. ಕ್ಯಾಂಟೀನಿನವರು, ಪಕ್ಕದ ಜೆರಾಕ್ಸ್ ಅಂಗಡಿಯವರು, ಬಿ.ಕಾಂ. ಮಕ್ಕಳು, ಯಾರದೋ ಅಪ್ಪ. ಅವರಿಗೆ ಒಂದು ಪುಟದ ಕಥೆ ಕೊಡಿ, ಅದರಲ್ಲಿ ವಕೀಲರ ಕಡತದಲ್ಲಿಲ್ಲದ ಎರಡು ಮೂರು ಸಂಗತಿಗಳಿರಲಿ. "ಸುಳ್ಳು ಹೇಳಬೇಡಿ, ಕೇಳದೆ ಹೇಳಬೇಡಿ, ಉಳಿದಂತೆ ನಿಮ್ಮ ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿ" ಅಂದರೆ ಸಾಕು. ಒಬ್ಬ ಟೀ ಅಂಗಡಿಯವರು ಒಮ್ಮೆ ನಮ್ಮಲ್ಲಿ ದೂರುದಾರರಾಗಿದ್ದರು. "ಹಣ ಯಾವ ನೋಟುಗಳಲ್ಲಿ ಕೊಟ್ಟಿರಿ?" ಅಂದಾಗ ಅವರು ತಿರುಗಿ, "ನೀವು ಮನೆ ಬಾಡಿಗೆ ಕೊಟ್ಟಿದ್ದು ಯಾವ ನೋಟಲ್ಲಿ ಅಂತ ಜ್ಞಾಪಕ ಇದೆಯಾ ಸಾರ್?" ಅಂದರು. ಹುಡುಗ ತಬ್ಬಿಬ್ಬು. ಅಂದು ಅವನು ಕಲಿತದ್ದನ್ನು ನಾನು ಒಂದು ಸೆಮಿಸ್ಟರ್ ಕೂತು ಹೇಳಿದರೂ ಬರುತ್ತಿರಲಿಲ್ಲ.

ಈಗ ಪಾಟಿ ಸವಾಲಿನ ಒಂದು ತುಣುಕು ನೋಡಿ. ಆರೋಪಿ ಪರ ವಿದ್ಯಾರ್ಥಿ ದೂರುದಾರನನ್ನು ಕೇಳುತ್ತಿದ್ದಾನೆ:

— ನಿಮ್ಮದು ಕಿರಾಣಿ ಅಂಗಡಿ.
— ಹೌದು.
— ದಿನದ ವ್ಯವಹಾರವನ್ನು ಪುಸ್ತಕದಲ್ಲಿ ಬರೆದಿಡುತ್ತೀರಿ.
— ಬರೀತೀನಿ.
— ನೂರು ರೂಪಾಯಿ ಉದ್ರಿ ಕೊಟ್ಟರೂ ಬರೆಯುತ್ತೀರಿ.
— ಹೂಂ, ಬರೀತೀನಿ.
— ಈ ನಾಲ್ಕೂವರೆ ಲಕ್ಷ ಆ ಪುಸ್ತಕದಲ್ಲಿ ಇಲ್ಲ.
— ಇಲ್ಲ.

ಇಲ್ಲಿ ನಿಲ್ಲಬೇಕು. ನೂರಕ್ಕೆ ತೊಂಬತ್ತು ಮಕ್ಕಳು ನಿಲ್ಲುವುದಿಲ್ಲ. "ಹಾಗಾದರೆ ಯಾಕೆ ಬರೆಯಲಿಲ್ಲ?" ಅಂತ ಗತ್ತಿನಿಂದ ಕೇಳುತ್ತಾರೆ. ಸಾಕ್ಷಿಯ ಗುಟ್ಟಿನ ಹಾಳೆಯಲ್ಲಿ ಉತ್ತರ ಕಾದು ಕೂತಿರುತ್ತದೆ: "ಅದು ಅಂಗಡಿ ದುಡ್ಡಲ್ಲ ಸ್ವಾಮಿ. ಮಗಳ ಮದುವೆಗೆ ಅಂತ ಹೊಲ ಮಾರಿ ಇಟ್ಟಿದ್ದು. ಅಂಗಡಿ ಪುಸ್ತಕದಲ್ಲಿ ಯಾಕೆ ಬರೀಲಿ?" ಹಣದ ಮೂಲ ತಿಳಿಯದೆ ಒದ್ದಾಡುತ್ತಿದ್ದ ಕೇಸಿಗೆ ಎದುರಾಳಿ ವಕೀಲನೇ ಮೂಲ ಒದಗಿಸಿಕೊಟ್ಟ.

ಪಾಠ ಅಲ್ಲಿಗೇ ಮುಗಿಯುವುದಿಲ್ಲ. ಆ ಹುಡುಗ ಸರಿಯಾಗಿ ನಿಲ್ಲಿಸಿದ ಅಂತಲೇ ಇಟ್ಟುಕೊಳ್ಳಿ. ಆಗ ದೂರುದಾರನ ಪರ ಕೂತವಳು ಏನು ಮಾಡಬೇಕು? ಮರು ವಿಚಾರಣೆಗೆ ಎದ್ದು, "ಪುಸ್ತಕದಲ್ಲಿ ಬರೆಯದಿರಲು ಕಾರಣವೇನು?" ಅಂತ ಒಂದೇ ಪ್ರಶ್ನೆ ಕೇಳಬೇಕು. ಪಾಟಿ ಸವಾಲಿನಲ್ಲಿ ಬಂದ ವಿಷಯದ ವಿವರಣೆಗೆ ಸಾಕ್ಷ್ಯ ಅಧಿನಿಯಮದ 143ನೇ ಕಲಂ ಅವಕಾಶ ಕೊಡುತ್ತದೆ. ಕೇಳಬೇಕಾದರೆ ತನ್ನ ಸಾಕ್ಷಿಗೆ ಹೊಲ ಮಾರಿದ ಹಣವಿತ್ತು ಎಂದು ಅವಳಿಗೆ ಮೊದಲೇ ಗೊತ್ತಿರಬೇಕು. ಗೊತ್ತಿರಬೇಕಾದರೆ ಆಫೀಸಿನಲ್ಲಿ ಕಕ್ಷಿದಾರನನ್ನು ಕೂರಿಸಿಕೊಂಡು ಸಾವಧಾನವಾಗಿ ಮಾತಾಡಿಸಿರಬೇಕು. ಬಾರ್ ಕೌನ್ಸಿಲ್ ಪತ್ರಿಕೆಯ ಮೂರನೆಯ ಭಾಗ ಯಾಕಿದೆ ಅನ್ನುವುದು ಮಕ್ಕಳಿಗೆ ಆಗ ತಿಳಿಯುತ್ತದೆ. ನಾನು ಸಂದರ್ಶನದ ಅಭ್ಯಾಸವನ್ನು ಮೊದಲು ಮಾಡಿಸುವುದಿಲ್ಲ. ಹೀಗೆ ಒಮ್ಮೆ ಪೆಟ್ಟು ತಿಂದ ಮೇಲೆ ಮಾಡಿಸುತ್ತೇನೆ.

ಕನ್ನಡ ಮಾಧ್ಯಮದ ಮಕ್ಕಳು ಎಂದು ನೀವು ಕೊರಗುವ ಧಾಟಿಯಲ್ಲಿ ಬರೆದಿದ್ದೀರಿ. ನನಗೆ ಅದು ಬಂಡವಾಳವಾಗಿ ಕಾಣುತ್ತದೆ. ಕೆಳಹಂತದ ಕೋರ್ಟಿನಲ್ಲಿ ಸಾಕ್ಷಿ ಮಾತಾಡುವುದು ಕನ್ನಡವನ್ನೇ, ಅದೂ ಬದು, ಗುಂಟೆ, ಉದ್ರಿ, ಕೈಗಡದ ಕನ್ನಡ. ಇಂಗ್ಲಿಷ್ ಹೈಕೋರ್ಟಿಗೆ ಬೇಕು, ಓದಿಗೆ ಬೇಕು, ಕಲಿಯಲಿ. ಪಾಟಿ ಸವಾಲನ್ನು ಮಾತ್ರ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸಿದರೆ ಕೆಡುತ್ತದೆ. "ನೀವು ಹಣ ಕೊಟ್ಟಿಲ್ಲ ಅಲ್ಲವೇ?" ಅಂತ ಕೇಳಿ ನೋಡಿ. ಸಾಕ್ಷಿ "ಹೌದು" ಅನ್ನುತ್ತಾನೆ. ಏನು ಹೌದು? ಕೊಟ್ಟಿಲ್ಲ ಅನ್ನುವುದೋ, ಕೊಟ್ಟೆ ಅನ್ನುವುದೋ? ದಾಖಲೆಯಲ್ಲಿ ಏನು ಬರುತ್ತದೋ ಅದು ಬರೆಸುವವರ ಕೈಯಲ್ಲಿದೆ. ಅದಕ್ಕೇ ಒಂದು ಪ್ರಶ್ನೆಗೆ ಒಂದೇ ಸಂಗತಿ, ನೇರ ವಾಕ್ಯ. ಮುಖ್ಯ ವಿಚಾರಣೆಗೂ (ತನ್ನದೇ ಸಾಕ್ಷಿಯನ್ನು ಮೊದಲು ಪ್ರಶ್ನಿಸುವ ಹಂತಕ್ಕೂ) ನಮ್ಮ ವ್ಯಾಕರಣ ಒಂದು ಸುಲಭದ ಗುರುತು ಕೊಡುತ್ತದೆ. ಯಾರು, ಎಲ್ಲಿ, ಯಾವಾಗ, ಏನು, ಹೇಗೆ ಇದ್ದರೆ ಅದು ಸರಿಯಾದ ಪ್ರಶ್ನೆ. ವಾಕ್ಯ 'ತಾನೇ', 'ಅಲ್ಲವೇ' ಎಂದು ಮುಗಿದರೆ ಉತ್ತರವನ್ನು ಸಾಕ್ಷಿಯ ಬಾಯಿಗೆ ತುರುಕಿದಂತೆ. ಸಾಕ್ಷ್ಯ ಅಧಿನಿಯಮದ 146ನೇ ಕಲಂ ಅದನ್ನು ಪಾಟಿ ಸವಾಲಿನಲ್ಲಿ ಬಿಟ್ಟುಕೊಡುತ್ತದೆ, ಎದುರಿನವರು ಆಕ್ಷೇಪಿಸಿದರೆ ಮುಖ್ಯ ವಿಚಾರಣೆಯಲ್ಲಿ ಪೀಠಿಕೆಯ, ವಿವಾದವಿಲ್ಲದ ಅಥವಾ ಆಗಲೇ ಸಾಕಷ್ಟು ಸಾಬೀತಾದ ಸಂಗತಿಗಳಿಗೆ ಮಾತ್ರ. (1872ರ ಹಳೆಯ ಕಾಯ್ದೆಯ ಕಲಂ ಸಂಖ್ಯೆಗಳೇ ನಾಲಿಗೆಗೆ ಬರುವ ನನ್ನಂಥವರು ಹೊಸ ಅಧಿನಿಯಮ ಜಾರಿಗೆ ಬಂದ 2024ರ ಜುಲೈ 1ರಿಂದ ಮತ್ತೆ ಒಂದನೇ ಕ್ಲಾಸಿಗೆ ಸೇರಿದ್ದೇವೆ. ನಿಮ್ಮ ಮಕ್ಕಳು ಆ ಮಟ್ಟಿಗೆ ಅದೃಷ್ಟವಂತರು.)

ಚೆಕ್ ಕೇಸಿನಲ್ಲಿ ದೂರುದಾರನ ಮುಖ್ಯ ವಿಚಾರಣೆ ಅಫಿಡವಿಟ್‌ (ಪ್ರಮಾಣ ಮಾಡಿ ಸಲ್ಲಿಸುವ ಲಿಖಿತ ಹೇಳಿಕೆ) ಮೂಲಕ ನಡೆಯುತ್ತದೆ, ಸಿವಿಲ್ ದಾವೆಗಳಲ್ಲೂ ಹಾಗೆಯೇ. ಹಾಗಾಗಿ ಬಾಯಿಮಾತಿನ ಮುಖ್ಯ ವಿಚಾರಣೆಯ ಅಭ್ಯಾಸಕ್ಕೆ ಆರೋಪಿಯನ್ನು ಕಟಕಟೆಗೆ ಹತ್ತಿಸಿ. ಮುಂದಿನ ಸೆಮಿಸ್ಟರಿಗೆ ಒಂದು ಹೊಡೆದಾಟದ ಕೇಸು ಕಟ್ಟಿಕೊಳ್ಳಿ, ಅದರಲ್ಲಿ ಒಬ್ಬ ಪಂಚ (ಪೊಲೀಸರ ಮಹಜರಿಗೆ ಸಹಿ ಹಾಕಿದ ಸಾಕ್ಷಿ) ತಿರುಗಿ ಬೀಳಲೇಬೇಕು. "ಮಹಜರು ನನ್ನೆದುರು ಆಗಿಲ್ಲ, ಸ್ಟೇಷನ್ನಿನಲ್ಲಿ ಸಹಿ ಮಾಡಿಸ್ಕೊಂಡ್ರು" ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಸರ್ಕಾರಿ ಅಭಿಯೋಜಕನಾಗಿ ನಿಂತ ಹುಡುಗ ಆಗ ಗಾಬರಿಯಾಗದೆ 157ನೇ ಕಲಂ ಅಡಿ ನ್ಯಾಯಾಲಯದ ಅನುಮತಿ ಕೇಳಿ, ತನ್ನದೇ ಸಾಕ್ಷಿಗೆ ಪಾಟಿ ಸವಾಲು ಮಾಡಬೇಕು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೂ ಈಗಿನ ಮಾತಿಗೂ ಇರುವ ವಿರೋಧವನ್ನು ದಾಖಲೆಗೆ ತರುವ ಕ್ರಮವನ್ನು ಅಲ್ಲೇ ಕಲಿಸಿ. ಆ ನಿರ್ದಿಷ್ಟ ಭಾಗವನ್ನು ಸಾಕ್ಷಿಗೆ ತೋರಿಸಬೇಕು, ಅಲ್ಲಗಳೆದರೆ ಅದನ್ನಷ್ಟೇ ಗುರುತು ಮಾಡಿಸಬೇಕು, ಆಮೇಲೆ ತನಿಖಾಧಿಕಾರಿಯಿಂದ ಸಾಬೀತು ಮಾಡಿಸಬೇಕು. ಈ ಕೊನೆಯ ಹೆಜ್ಜೆಯನ್ನು ಮರೆಯುವ ವಕೀಲರು ಇಪ್ಪತ್ತು ವರ್ಷ ಅನುಭವದವರಲ್ಲೂ ಇದ್ದಾರೆ. ಲೈಂಗಿಕ ಅಪರಾಧದ ಕೇಸುಗಳನ್ನು ತರಗತಿಯ ಅಭ್ಯಾಸಕ್ಕೆ ತರಬೇಡಿ. ಸಾಕ್ಷಿಯನ್ನು ಅವಮಾನಿಸುವ ಪ್ರಶ್ನೆಯನ್ನು ಕೋರ್ಟು ತಡೆಯುತ್ತದೆ ಎಂಬ 155ನೇ ಕಲಂ ಅನ್ನು ಚೆಕ್ ಕೇಸಿನ ಟೀ ಅಂಗಡಿಯವರ ಮೇಲೆ ಯಾರಾದರೂ ದನಿ ಏರಿಸಿದಾಗಲೇ ಹೇಳಿಕೊಡಬಹುದು.

60 ಮಂದಿಯ ಲೆಕ್ಕ ಅಷ್ಟೇನೂ ಕಷ್ಟವಿಲ್ಲ. 12 ಮಂದಿಯ ಐದು ತಂಡ, ವಾರಕ್ಕೆ ಒಂದು ತಂಡ. ಒಬ್ಬೊಬ್ಬರಿಗೆ ನಾಲ್ಕು ನಿಮಿಷ ಸಾಕ್ಷಿ, ನಾಲ್ಕು ನಿಮಿಷ ತಿದ್ದುಪಡಿ. 96 ನಿಮಿಷ, ಎರಡು ಗಂಟೆಯಲ್ಲಿ ಹಾಜರಿಗೂ ಸಮಯ ಉಳಿಯುತ್ತದೆ. ತಿದ್ದುವಾಗ ಒಬ್ಬರಿಗೆ ಒಂದೇ ತಪ್ಪು ಹೇಳಿ. ಹತ್ತು ಹೇಳಿದರೆ ಹನ್ನೊಂದನೆಯದಾಗಿ ಅವರು ನಿಮ್ಮ ಕ್ಲಾಸಿಗೆ ಬರುವುದನ್ನು ಬಿಡುತ್ತಾರೆ. "ಆತ್ಮವಿಶ್ವಾಸ ಬೇಕು", "ದನಿ ಚೆನ್ನಾಗಿದೆ" ಇಂಥವು ಯಾರಿಗೂ ಉಪಯೋಗವಿಲ್ಲ. "ಮೂರನೇ ಪ್ರಶ್ನೆಯಲ್ಲಿ ಎರಡು ಸಂಗತಿ ಸೇರಿಸಿದೆ, ಬಿಡಿಸಿ ಮತ್ತೆ ಕೇಳು" ಅನ್ನಿ, ಆಗಲೇ ಮತ್ತೆ ಕೇಳಿಸಿ.

ತಂಡದಲ್ಲಿ ಒಬ್ಬರು ನ್ಯಾಯಾಧೀಶರಾಗಲಿ, ಒಬ್ಬರು ಟೈಪಿಸ್ಟ್. ನ್ಯಾಯಾಧೀಶರಾದವರ ಕೆಲಸ ಗಂಭೀರ ಮುಖ ಮಾಡುವುದಲ್ಲ, ಸಾಕ್ಷಿಯ ಉತ್ತರವನ್ನು ಕಥನವಾಗಿಸಿ ಬರೆಸುವುದು. ಒಮ್ಮೆ ಹಾಗೆ ಬರೆಸಿದವರು ಮುಂದೆ ಪ್ರಶ್ನೆ ಕೇಳುವ ರೀತಿಯೇ ಬದಲಾಗುತ್ತದೆ: ನಿಧಾನವಾಗುತ್ತಾರೆ, ಬರೆಸುವುದು ಮುಗಿಯುವ ತನಕ ಕಾಯುತ್ತಾರೆ, ಬರೆಸಿದ್ದು ತಪ್ಪಿದ್ದರೆ ಅಲ್ಲೇ ಎದ್ದು "ಸ್ವಾಮಿ, ಸಾಕ್ಷಿ 'ಹೊಲ ಬಿಟ್ಟು ಹೋದ ಮೇಲೆ' ಎಂದೂ ಹೇಳಿದ್ದಾರೆ, ದಾಖಲಿಸಬೇಕು" ಎನ್ನುತ್ತಾರೆ.

ಈಗ ನಾನು ತುಂಬ ಇಷ್ಟಪಡುವ ಭಾಗ. ಒಂದನೇ ತಂಡದ ಸಾಕ್ಷ್ಯ ಟೈಪ್ ಆದ ಹಾಳೆಗಳನ್ನು ಎರಡನೇ ತಂಡಕ್ಕೆ ಕೊಡಿ. ಅಂದು ಆ ಕೋಣೆಯಲ್ಲಿ ಇರದ ಮಕ್ಕಳು ಬರೀ ಆ ಹಾಳೆಗಳನ್ನು ಇಟ್ಟುಕೊಂಡು ಅಂತಿಮ ವಾದ ಮಂಡಿಸಲಿ, ಒಂದನೇ ತಂಡ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿ ಕೂರಲಿ. "ಸಾಕ್ಷಿಗೆ ಬೆವರಿಳಿಸಿಬಿಟ್ಟೆ" ಅಂದುಕೊಂಡವನ ಸಾಧನೆ ಕಾಗದದ ಮೇಲೆ ಒಂದು ಸಾಲೂ ಇರುವುದಿಲ್ಲ. ತಡವರಿಸುತ್ತ ನಾಲ್ಕೇ ಪ್ರಶ್ನೆ ಕೇಳಿದ ಹುಡುಗಿಯ ನಾಲ್ಕು ಉತ್ತರಗಳ ಮೇಲೆ ಇಡೀ ವಾದ ನಿಂತಿರುತ್ತದೆ. ತಮ್ಮ ಪಕ್ಷದ ಕಥೆಯನ್ನು ಸಾಕ್ಷಿಯ ಮುಂದಿಡಲು ಮರೆತವರೂ ಇಲ್ಲೇ ಸಿಕ್ಕಿಬೀಳುತ್ತಾರೆ. "ಖಾಲಿ ಚೆಕ್ಕು ಅಂತ ಈಗ ವಾದಿಸುತ್ತೀರಿ, ದೂರುದಾರನಿಗೆ ಅದನ್ನು ಸೂಚಿಸಿದ್ದು ಎಲ್ಲಿ?" ಅಂತ ಎದುರಿನವರು ಕೇಳುತ್ತಾರೆ. ಆಮೇಲೆ ವಾದಿಸಬೇಕಾದ ಕಥೆಯನ್ನು ಎದುರಿನ ಸಾಕ್ಷಿಯ ಮುಂದೆ ಮೊದಲೇ ಇಡಬೇಕು ಎಂಬ, ಇಂಗ್ಲೆಂಡಿನ 1893ರ ಬ್ರೌನ್ ವಿರುದ್ಧ ಡನ್ ಪ್ರಕರಣದಿಂದ ಬಂದ ಆ ನಿಯಮವನ್ನು ನಮ್ಮ ಕೋರ್ಟುಗಳೂ ಪಾಲಿಸುತ್ತವೆ. "...ಎಂದರೆ ಸರಿಯಲ್ಲ" ಅನ್ನುವ ಆ ಒಣ ಸಾಲುಗಳು ಕಡತದಲ್ಲಿ ಯಾಕೆ ಇರುತ್ತವೆ ಎಂದು ಅಲ್ಲಿಯವರೆಗೆ ಯಾರಿಗೂ ಹೊಳೆದಿರುವುದಿಲ್ಲ.

ಅಂಕ ಕೊಡುವಾಗಲೂ ಆ ಹಾಳೆಯನ್ನೇ ನೋಡಿ. ಯಾವ ಉತ್ತರ ದಾಖಲೆಗೆ ಬಂತು, ಅದು ಯಾವ ವಾದಕ್ಕೆ ಬೇಕಾಗಿತ್ತು, ಬೇಕಾದದ್ದು ಯಾವುದು ಬಿಟ್ಟುಹೋಯಿತು. ಕೋಟು, ಇಂಗ್ಲಿಷ್, ಹಾವಭಾವಕ್ಕೆ ಅಂಕವಿಲ್ಲ ಎಂದು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಬಿಡಿ. ನಿವೃತ್ತ ನ್ಯಾಯಾಧೀಶರೊಬ್ಬರನ್ನು ಸೆಮಿಸ್ಟರಿಗೆ ಒಮ್ಮೆ ಕರೆಯಬಹುದಾದರೆ ಕರೆಯಿರಿ, ಭಾಷಣಕ್ಕೆ ಮಾತ್ರ ಬೇಡ. ಈ ಸಾಕ್ಷ್ಯದ ಹಾಳೆಗಳನ್ನು ಹಿಂದಿನ ದಿನ ಕೊಟ್ಟು, "ಇದರ ಮೇಲೆ ನೀವು ಯಾರ ಪರ ತೀರ್ಪು ಕೊಡುತ್ತಿದ್ದಿರಿ, ಯಾವ ಸಾಲಿಗಾಗಿ?" ಅಂತ ಕೇಳಿ.

ಮೊದಲ ಸುತ್ತಿನಲ್ಲಿ ಎಲ್ಲರೂ ಕೆಟ್ಟದಾಗಿ ಕೇಳುತ್ತಾರೆ, ಸಾಕ್ಷಿ ಗೆಲ್ಲುತ್ತಾನೆ. ಆ ಹಾಳೆಗಳನ್ನು ಎಸೆಯಬೇಡಿ. ಐದು ತಂಡಗಳ ಸುತ್ತು ಮುಗಿದು ಆರನೇ ವಾರಕ್ಕೆ ಬಂದಾಗ ಅದೇ ಮಕ್ಕಳಿಗೆ ಅದೇ ಟೀ ಅಂಗಡಿಯವರನ್ನು ಎದುರು ನಿಲ್ಲಿಸಿ, ಗುಟ್ಟಿನ ಹಾಳೆಯನ್ನು ಮಾತ್ರ ಬದಲಿಸಿರಿ. ಹೊಲ ಮಾರಿದ ಕಥೆಯ ಜಾಗದಲ್ಲಿ ಬೇರೇನಾದರೂ ಇರಲಿ, ಅಥವಾ ಏನೂ ಇಲ್ಲದಿರಲಿ.